ಕಣ್ಣೆದುರೇ ಸಾವು ಕಂಡ ಮೇಲೆ ಮನಸ್ಸು ಮರಗಟ್ಟಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷದ ಹಿಂದೆ, ತುಮಕೂರು ದಾಟಿ ಶಿರಾ ಕಡೆ ಹೋಗುವ ಹೆದ್ದಾರಿಯಲ್ಲಿ ಒಬ್ಬ ಹುಡುಗ ನನ್ನ ಕೈಯಲ್ಲೇ ಪ್ರಾಣ ಬಿಟ್ಟ. ಅವನ ಬೈಕಿಗೆ ಲಾರಿ ಹಿಂದಿನಿಂದ ಗುದ್ದಿತ್ತು. ನಾನು ರಸ್ತೆ ಪಕ್ಕದ ಟೀ ಅಂಗಡಿಯಲ್ಲಿದ್ದೆ, ಓಡಿಹೋದೆ. 108 ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಆಮೇಲೆ ಅಂಗಡಿಯವನ ಡ್ರಮ್ಮಿನ ನೀರಿನಲ್ಲಿ ಕೈ ತೊಳೆದುಕೊಂಡೆ. ಅರ್ಧ ಬಿಟ್ಟಿದ್ದ ಟೀ ಕುಡಿದೆ. ಶಿರಾಕ್ಕೆ ಹೋಗಿ ಕೆಲಸ ಮುಗಿಸಿಕೊಂಡು ಮನೆಗೆ ಬಂದೆ. ಆ ದಿನ ಅಳಲಿಲ್ಲ. ಆ ತಿಂಗಳೂ ಅಳಲಿಲ್ಲ. ಹೀಗೇ ಏಳು ತಿಂಗಳು ಕಳೆಯಿತು.

ಇದನ್ನು ನಾಲ್ಕು ಜನರ ಹತ್ತಿರ ಹೇಳಿಕೊಳ್ಳಲು ಶುರು ಮಾಡಿದ ಮೇಲೆ, ತಮಗೂ ಹೀಗೇ ಆಗಿದೆ ಎಂದು ಒಬ್ಬೊಬ್ಬರೇ ಬಂದು ಮಾತಾಡಿಸತೊಡಗಿದರು. ಅವರು ಕೇಳಿದ ಪ್ರಶ್ನೆಗಳೇ ಇವು. ನಾನು ಡಾಕ್ಟರ್ ಅಲ್ಲ. ನನಗೆ ಚಿಕಿತ್ಸೆ ಕೊಟ್ಟವರಿಂದ ಕಲಿತದ್ದು, ಆಮೇಲೆ ಓದಿ ತಿಳಿದದ್ದು, ಅನುಭವಿಸಿದ್ದು ಇಲ್ಲಿದೆ. ನಿಮಗೆ ಈಗಲೇ ಬದುಕು ಬೇಡ ಅನ್ನಿಸುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.

ಅಳುವೇ ಬರುತ್ತಿಲ್ಲ. ನನ್ನದು ಕಲ್ಲು ಮನಸ್ಸಾ?

ಅಲ್ಲ. ತುಂಬಾ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದೆ ಅಲ್ವಾ? ಚಿವುಟಿದರೂ ಗೊತ್ತಾಗುವುದಿಲ್ಲ. ಹಾಗಂತ ಕಾಲು ಸತ್ತುಹೋಗಿಲ್ಲ. ಮನಸ್ಸಿಗೂ ಹೀಗೆ ಜೋಮು ಹಿಡಿಯುತ್ತದೆ. ಸತ್ತವರ ಮೇಲೆ ಪ್ರೀತಿ ಇರಲಿಲ್ಲ, ಮರುಕ ಇರಲಿಲ್ಲ ಎಂದು ಇದರ ಅರ್ಥವಲ್ಲ. ಎಷ್ಟೋ ಸಲ ಹೆಂಡತಿಯೋ ಮಗನೋ ಎದುರಿಗೇ ಹೋದಾಗ, ಕಾರ್ಯದ ದಿನ ಬಂದವರಿಗೆಲ್ಲ ಊಟ ಬಡಿಸುತ್ತಾ ಓಡಾಡುವವರು ಎಲ್ಲರಿಗಿಂತ ಹತ್ತಿರದವರೇ ಆಗಿರುತ್ತಾರೆ. ನೋಡಿದವರು “ಎಷ್ಟು ಗಟ್ಟಿ ನೋಡು” ಎನ್ನುತ್ತಾರೆ. ಇಲ್ಲವೇ ಹಿಂದಿನಿಂದ “ಒಂದು ಹನಿ ಕಣ್ಣೀರೂ ಬರಲಿಲ್ಲ” ಎಂದು ಆಡಿಕೊಳ್ಳುತ್ತಾರೆ. ಎರಡನ್ನೂ ತಲೆಗೆ ಹಚ್ಚಿಕೊಳ್ಳಬೇಡಿ.

ಹೀಗೆ ಯಾಕೆ ಆಗುತ್ತದೆ?

ದೊಡ್ಡ ಅಪಾಯ ಕಂಡಾಗ ದೇಹ ಮೂರರಲ್ಲಿ ಒಂದು ಮಾಡುತ್ತದೆ. ಎದುರಿಸುತ್ತದೆ, ಓಡುತ್ತದೆ, ಇಲ್ಲವೇ ಇದ್ದಲ್ಲೇ ಸೆಟೆದು ನಿಲ್ಲುತ್ತದೆ. ಎದುರಿಸಲಿಕ್ಕೂ ಓಡಲಿಕ್ಕೂ ದಾರಿ ಇಲ್ಲದಿದ್ದಾಗ ಈ ಮೂರನೆಯದು ಜಾಸ್ತಿ. ಸಾವನ್ನು ಎದುರಿಸಿ ಗೆಲ್ಲಲು ಆಗುವುದಿಲ್ಲ, ಸಾಯುವವರನ್ನು ಬಿಟ್ಟು ಓಡಲು ಮನಸ್ಸು ಬರುವುದಿಲ್ಲ. ಆಗ ಮಿದುಳು ಭಾವನೆಗಳ ದನಿಯನ್ನೇ ತಗ್ಗಿಸಿಬಿಡುತ್ತದೆ. ನೋವು ಮರೆಸುವ ರಾಸಾಯನಿಕಗಳು ನಮ್ಮ ದೇಹದಲ್ಲೇ ಹುಟ್ಟುತ್ತವೆ, ಅವೂ ಕೈ ಜೋಡಿಸುತ್ತವೆ. ಆ ಹೊತ್ತಿಗೆ ಇದು ಉಪಕಾರವೇ. ಇದಿಲ್ಲದಿದ್ದರೆ ಆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1962ರಲ್ಲಿ ಹಿರೋಶಿಮಾದಲ್ಲಿ ಅಣುಬಾಂಬಿನಿಂದ ಬದುಕುಳಿದವರನ್ನು ಮಾತಾಡಿಸಿದರು. ಸುತ್ತ ಹೆಣ ಬಿದ್ದಿದ್ದು ಕಾಣುತ್ತಿತ್ತು, ಏನಾಗಿದೆ ಎಂದೂ ಗೊತ್ತಿತ್ತು, ಆದರೆ ಒಳಗೆ ಏನೂ ಆಗಲಿಲ್ಲ ಎಂದು ಅವರಲ್ಲಿ ಹಲವರು ಹೇಳಿಕೊಂಡರು. ಮನಸ್ಸು ಬಾಗಿಲು ಹಾಕಿಕೊಳ್ಳುವ ಈ ಬಗೆಗೆ ಲಿಫ್ಟನ್ ಒಂದು ಹೆಸರನ್ನೇ ಕೊಟ್ಟರು. ಇದನ್ನು ಓದಿದ ದಿನ ನನಗೆ ಸ್ವಲ್ಪ ಉಸಿರು ಬಂದಂತಾಯಿತು.

ತೊಂದರೆ ಎಲ್ಲಿ ಎಂದರೆ, ಅಪಾಯ ಕಳೆದ ಮೇಲೂ ಮಿದುಳಿಗೆ ಅದು ಕಳೆದಿದೆ ಎಂದು ಬೇಗ ಗೊತ್ತಾಗುವುದಿಲ್ಲ. ದುಃಖದ ಜೊತೆ ಸಂತೋಷ, ಸಿಟ್ಟು, ಮಮತೆ ಎಲ್ಲವೂ ಒಳಗೇ ಉಳಿದುಬಿಡುತ್ತವೆ.

ನನಗಾಗಿರುವುದು ಇದೇ ಎಂದು ಹೇಗೆ ಗೊತ್ತಾಗುತ್ತದೆ?

ಒಬ್ಬೊಬ್ಬರಿಗೆ ಒಂದೊಂದು ಥರ. ಗಾಜಿನ ಆಚೆಯಿಂದ ಜಗತ್ತನ್ನು ನೋಡಿದ ಹಾಗೆ ಎನ್ನುವವರಿದ್ದಾರೆ. ನಾನು ಮಾತಾಡುತ್ತಿದ್ದೇನೆ, ಆದರೆ ಬೇರೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ ಎನ್ನುತ್ತಾರೆ. ಊಟ ರುಚಿಸುವುದಿಲ್ಲ. ಇಷ್ಟದ ಹಾಡು ಸುಮ್ನೆ ಸದ್ದಾಗಿ ಹೋಗುತ್ತದೆ. ಕೆಲಸಕ್ಕೆ ಹೋಗುತ್ತಾರೆ, ಲೆಕ್ಕ ತಪ್ಪುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ನನ್ನ ಮಗಳಿಗೆ ಆಗ ಐದು ವರ್ಷ. ಬಣ್ಣದ ಪೆನ್ಸಿಲಿನಲ್ಲಿ ಆನೆ ಬರೆದು ತಂದು ನನ್ನ ಮುಖಕ್ಕೇ ಹಿಡಿದಳು. ಆನೆಗೆ ಕೆಂಪು ರಬ್ಬರ್ ಬ್ಯಾಂಡಿನಂಥ ಬಾಲ ಇತ್ತು. ಚೆನ್ನಾಗಿದೆ ಎನ್ನಬೇಕು ಎಂದು ಗೊತ್ತಿತ್ತು, ಅಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಚಿತ್ರ ಮಡಚಿಕೊಂಡು ಅಡುಗೆಮನೆಗೆ ಹೋದಳು. ನನಗೆ ಏನೋ ಸರಿ ಇಲ್ಲ ಎಂದು ಮೊದಲು ಗೊತ್ತಾಗಿದ್ದು ಅವತ್ತು.

ಕೆಲವರಿಗೆ ಮರಗಟ್ಟುವಿಕೆಯ ಜೊತೆಗೇ ಅದರ ತದ್ವಿರುದ್ಧವೂ ಇರುತ್ತದೆ. ಹಗಲೆಲ್ಲ ಮಂಕು, ರಾತ್ರಿ ಕೆಟ್ಟ ಕನಸು. ಬಾಗಿಲು ಜೋರಾಗಿ ಹಾಕಿಕೊಂಡರೆ ಮೈ ಬೆಚ್ಚಿಬೀಳುತ್ತದೆ. ಎರಡೂ ಒಂದೇ ಗಾಯದವು.

ಸತ್ತವರು ನಮ್ಮವರೇನೂ ಅಲ್ಲ. ಆದರೂ ಹೀಗಾಗುತ್ತದಾ?

ಆಗುತ್ತದೆ. ಬೇರೆಯವರ ಸಾವನ್ನು ಕಣ್ಣಾರೆ ಕಂಡದ್ದೂ ಆಘಾತವೇ ಎಂದು ವೈದ್ಯರ ಪುಸ್ತಕದಲ್ಲೇ ಇದೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ಸತ್ತರಲ್ಲ, ಆವತ್ತು ಕಣಿವೆಗೆ ಇಳಿದವರಲ್ಲಿ ಅಕ್ಕಪಕ್ಕದ ಊರಿನವರೂ ಇದ್ದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರ ಪಕ್ಕದಲ್ಲೇ ಸಿಕ್ಕಿಹಾಕಿಕೊಂಡು ಬದುಕಿ ಮನೆಗೆ ಹೋದವರ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ. “ನಿನಗೇನೂ ಆಗಲಿಲ್ಲವಲ್ಲ, ಪುಣ್ಯ” ಎಂದು ಅವರನ್ನು ಕಳಿಸಿಬಿಡುತ್ತೇವೆ.

ರೈಲು ಓಡಿಸುವವರು, ಆಂಬುಲೆನ್ಸ್ ಡ್ರೈವರ್, ಐಸಿಯು ನರ್ಸ್, ಶವಾಗಾರದಲ್ಲಿ ಕೆಲಸ ಮಾಡುವವರಿಗಂತೂ ಇದು ಒಂದು ಸಲದ ಮಾತಲ್ಲ. ಅಭ್ಯಾಸವಾಗಿದೆ ಎಂದು ಅವರೇ ಹೇಳುತ್ತಾರೆ. ಅಭ್ಯಾಸವೇ ಆಗಿದ್ದರೆ ಒಳ್ಳೆಯದು. ಆದರೆ ಮನೆಗೆ ಹೋದ ಮೇಲೂ ಯಾರೊಂದಿಗೂ ನಗಲು ಆಗುತ್ತಿಲ್ಲ ಎಂದಾದರೆ ಅದು ಅಭ್ಯಾಸವಲ್ಲ.

ಎಷ್ಟು ದಿನ ಇರುತ್ತದೆ?

ಬಹಳಷ್ಟು ಜನರಿಗೆ ಕೆಲವು ದಿನಗಳಲ್ಲಿ, ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ. ಒಂದು ತಿಂಗಳು ದಾಟಿದರೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ. ನಾನು ಏಳು ತಿಂಗಳು ಕಾದೆ. ಅಷ್ಟು ಕಾದದ್ದು ತಪ್ಪು. ತಿಂಗಳಿಗೂ ಮುಂಚೆ ನಿದ್ದೆ ಪೂರ್ತಿ ಹಾಳಾದರೆ, ಕುಡಿತ ಜಾಸ್ತಿಯಾದರೆ, ಸಾಯುವ ಯೋಚನೆ ಬಂದರೆ ದಿನ ಎಣಿಸಬೇಡಿ, ಹೋಗಿ.

ಮೊದಲ ಕೆಲವು ದಿನ ಏನು ಮಾಡಬೇಕು?

ದೊಡ್ಡದೇನೂ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹಸಿವಿಲ್ಲದಿದ್ದರೂ. ಗಂಜಿಯೋ ಮೊಸರನ್ನವೋ ಸಾಕು. ರಾತ್ರಿ ಒಬ್ಬರೇ ಇರಬೇಡಿ, ಯಾರಾದರೂ ಮನೆಯಲ್ಲಿರಲಿ. ಅವರು ಮಾತಾಡಲೇಬೇಕು ಅಂತೇನಿಲ್ಲ. ಸಾಧ್ಯವಾದರೆ ಎರಡು ಮೂರು ದಿನ ಗಾಡಿ ಓಡಿಸಬೇಡಿ. ಮಂಕು ಕವಿದಾಗ ಬ್ರೇಕ್ ಹಾಕುವುದು ತಡವಾಗುತ್ತದೆ.

ಗಾಜಿನ ಆಚೆ ಇದ್ದೇನೆ ಅನ್ನಿಸಿದಾಗ ಮೈಯಿಂದ ಶುರು ಮಾಡಿ. ಮನಸ್ಸನ್ನು ಎಳೆದು ತರಲು ಹೋದರೆ ಬರುವುದಿಲ್ಲ. ತಣ್ಣೀರಲ್ಲಿ ಮುಖ ತೊಳೆಯಿರಿ, ಚಪ್ಪಲಿ ಬಿಟ್ಟು ಅಂಗಳದಲ್ಲಿ ನಡೆಯಿರಿ, ಚಮಚ ಬಿಟ್ಟು ಕೈಯಲ್ಲೇ ಕಲಸಿ ಉಣ್ಣಿ. ನನಗೆ ಚಿಕಿತ್ಸೆ ಕೊಟ್ಟವರು ಒಂದು ಸಣ್ಣ ಕೆಲಸ ಹೇಳಿದ್ದರು. ದಿನಾ ಒಂದು ಹಿಡಿ ಕರಿಬೇವು ಬಿಡಿಸಬೇಕು, ಒಂದೊಂದೇ ಎಲೆಯಾಗಿ. ಬೆರಳಿಗೆ ಕಡ್ಡಿ ತಾಗುವುದನ್ನು ಗಮನಿಸಬೇಕು, ಆಮೇಲೆ ಬೆರಳನ್ನು ಮೂಸಬೇಕು. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ವಾಸನೆ ಬಂತು. ವಾಸನೆ ಮಾತ್ರ, ಬೇರೆ ಏನೂ ಇಲ್ಲ. ಅಷ್ಟಾದರೂ ಬಂತಲ್ಲ ಎಂದು ಅವತ್ತು ಹೆಂಡತಿಗೆ ಹೇಳಿದೆ.

ರಾತ್ರಿ ಒಂದೆರಡು ಪೆಗ್ ಹಾಕಿದರೆ, ಇಲ್ಲವೇ ನಿದ್ದೆ ಮಾತ್ರೆ ತಗೊಂಡರೆ?

ಎಣ್ಣೆ ಬೇಡ. ಮೊದಲೇ ಜೋಮು ಹಿಡಿದಿರುವ ಮನಸ್ಸಿಗೆ ಅದು ಇನ್ನಷ್ಟು ಜೋಮು, ಮೇಲಾಗಿ ಬೆಳಗಿನ ಜಾವದ ನಿದ್ದೆಯನ್ನೂ ಕೆಡಿಸುತ್ತದೆ.

ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಪರಿಚಯದವರಿಂದ ತಂದು ನುಂಗಬೇಡಿ. ಆಘಾತವಾದ ಮೊದಲ ತಿಂಗಳಲ್ಲಿ ಆ ಲಕ್ಷಣಗಳಿಗೆಂದು ಡಯಾಜೆಪಾಮ್, ಅಲ್‌ಪ್ರಜೊಲಾಮ್ ಜಾತಿಯ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಈಗಾಗಲೇ ತಗೊಳ್ಳುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನವಾಗಿ ಬಿಡಿ.

“ಅತ್ತುಬಿಡು, ಎಲ್ಲಾ ಹೇಳಿಬಿಡು, ಹಗುರಾಗುತ್ತೆ” ಎನ್ನುತ್ತಾರೆ. ಬಲವಂತವಾಗಿ ಹೇಳಬೇಕಾ?

ಬೇಡ. ಹೇಳಬೇಕು ಅನ್ನಿಸಿದಾಗ ಹೇಳಿ, ಅನ್ನಿಸಿದಷ್ಟೇ ಹೇಳಿ. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ ಮೊದಲಿಂದ ಕೊನೇವರೆಗೆ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ಇನ್ನೂ ತೊಂದರೆಯೇ ಆಯಿತು ಎಂದು ಈಗ ಅದನ್ನು ಕೈಬಿಟ್ಟಿದ್ದಾರೆ. ಆದರೆ ಮನೆಗೆ ಬಂದ ಪ್ರತಿ ನೆಂಟರಿಗೂ “ಏನಾಯ್ತು, ಹೇಗಾಯ್ತು” ಎಂದು ಒಪ್ಪಿಸುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. ಆ ಕೆಲಸವನ್ನು ಮನೆಯ ಬೇರೆ ಯಾರಿಗಾದರೂ ಒಪ್ಪಿಸಿ, ನೀವು ಒಳಗೆ ಹೋಗಿ ಮಲಗಿ.

ಆ ವಿಡಿಯೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನೋಡಬೇಕು ಅನ್ನಿಸುತ್ತದೆ.

ನೋಡಬೇಡಿ. ಏನಾದರೂ ಅನ್ನಿಸಲಿ ಎಂದು ಮತ್ತೆ ಮತ್ತೆ ನೋಡುವವರಿದ್ದಾರೆ, ಒಂದು ಕಾಲದಲ್ಲಿ ನಾನೂ ಅದನ್ನೇ ಮಾಡಿದೆ. ಅನ್ನಿಸುವುದು ಏನೂ ಇಲ್ಲ, ಕಣ್ಣಿಗೆ ಆ ಚಿತ್ರ ಇನ್ನೂ ಆಳವಾಗಿ ಅಂಟಿಕೊಳ್ಳುತ್ತದೆ. ಡಿಲೀಟ್ ಮಾಡಿ, ಗ್ರೂಪಿನಿಂದ ಹೊರಗೆ ಬನ್ನಿ. ದಯವಿಟ್ಟು ಯಾರಿಗೂ ಕಳಿಸಬೇಡಿ. ಆ ಹುಡುಗನ ಅಮ್ಮನ ಫೋನಿಗೂ ಅದು ತಲುಪುತ್ತದೆ.

“ನಾನು ಬೇರೆ ಏನಾದರೂ ಮಾಡಿದ್ದರೆ ಬದುಕುತ್ತಿದ್ದ” ಎಂಬ ಯೋಚನೆ ಬಿಡುತ್ತಿಲ್ಲ.

ಎಲ್ಲಾ ಮರಗಟ್ಟಿದ್ದರೂ ಇದೊಂದು ಮಾತ್ರ ಒಳಗೆ ಕೊರೆಯುತ್ತಲೇ ಇರುತ್ತದೆ.

ನನ್ನದು ನೀರಿನ ವಿಷಯ. ಹುಡುಗ ನೀರು ಅಂದ. ಟೀ ಅಂಗಡಿಯ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಕುಡಿಸಿದೆ. ಪಕ್ಕದಲ್ಲಿ ಬಿದ್ದಿದ್ದ ಬೈಕಿನ ಇಂಡಿಕೇಟರ್ ಟಿಕ್ ಟಿಕ್ ಅಂತ ಹೊಡೆದುಕೊಳ್ಳುತ್ತಲೇ ಇತ್ತು, ಯಾರಿಗೂ ಆರಿಸಲು ತೋಚಲಿಲ್ಲ. ಮೂರು ದಿನದ ನಂತರ ಸಹೋದ್ಯೋಗಿಯೊಬ್ಬರು “ಅಯ್ಯೋ, ನೀರು ಕುಡಿಸಬಾರದಿತ್ತು” ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಜೋರು ಪೆಟ್ಟಾದವರಿಗೆ ನೀರು ಕುಡಿಸಬಾರದು, ಶ್ವಾಸನಾಳಕ್ಕೆ ಹೋಗಬಹುದು. ಆದರೆ ನನಗೆ ಆವತ್ತು ಅದು ಗೊತ್ತಿರಲಿಲ್ಲ. ಏಳು ತಿಂಗಳು ಆ ಲೋಟ ನನ್ನ ಕೈಯಲ್ಲೇ ಇತ್ತು ಎನ್ನಬೇಕು.

ಚಿಕಿತ್ಸೆಯಲ್ಲಿ ಒಂದು ಹಾಳೆ ಕೊಟ್ಟು ಗಳಿಗೆ ಗಳಿಗೆಯದೂ ಬರೆಯಲು ಹೇಳಿದರು. ಎಡಗಡೆ, ಆ ಕ್ಷಣದಲ್ಲಿ ನನಗೆ ಏನು ಗೊತ್ತಿತ್ತು. ಬಲಗಡೆ, ಆಮೇಲೆ ಏನು ಗೊತ್ತಾಯಿತು. ನಾನು ನನ್ನ ಮೇಲೆ ಹೊರಿಸಿಕೊಂಡಿದ್ದ ತಪ್ಪೆಲ್ಲ ಬಲಗಡೆಯೇ ಇತ್ತು. ಎಡಗಡೆ ಇದ್ದದ್ದು ಇಷ್ಟು: ಹುಡುಗ ನೀರು ಕೇಳಿದ, ನನ್ನ ಹತ್ತಿರ ನೀರಿತ್ತು. ನೀವೂ ಹೀಗೆ ಬರೆದು ನೋಡಿ, ಆದರೆ ಒಬ್ಬರೇ ಕೂತು ಬರೆಯಬೇಡಿ. ಅವನ ಪೆಟ್ಟು ಎಷ್ಟಿತ್ತು, ಲಾರಿ ಎಷ್ಟು ಜೋರಾಗಿ ಬಂತು ಎಂಬುದನ್ನು ಎದುರಿಗಿದ್ದವರು ನೆನಪಿಸಬೇಕಾಗುತ್ತದೆ. ನಮಗೆ ನಾವೇ ಅದನ್ನು ನೆನಪಿಸಿಕೊಳ್ಳುವುದಿಲ್ಲ.

ಪೊಲೀಸ್, ಕೋರ್ಟ್ ಅಂತ ಓಡಾಡಿಸುತ್ತಾರೆ ಎಂಬ ಭಯ ಬೇರೆ.

ಗಾಯಾಳುವಿಗೆ ನೆರವಾದವರನ್ನು ಕಾಪಾಡಲು ಕಾನೂನೇ ಇದೆ. ಸುಪ್ರೀಂ ಕೋರ್ಟ್ 2016ರಲ್ಲಿ ಇದಕ್ಕೆ ಮುದ್ರೆ ಒತ್ತಿತು. ಕರ್ನಾಟಕ ತನ್ನದೇ ಕಾಯ್ದೆಯನ್ನೂ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಮನ್ನು ಸೇರಿಸಿದರು. ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದೂ ನಿಮ್ಮ ಇಷ್ಟ. ಹೇಳಿಕೆ ಕೊಡುತ್ತೀರಾದರೆ, ಮನಸ್ಸಿನ ಸ್ಥಿತಿ ಹೀಗಿದೆ ಎಂದು ಮೊದಲೇ ತಿಳಿಸಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಕೆಲವು ಕ್ಷಣಗಳು ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಹೇಳಿ. ಆಘಾತದಲ್ಲಿ ನೆನಪು ತುಂಡು ತುಂಡಾಗುವುದು ಸಾಮಾನ್ಯ.

ಮನೆಯಲ್ಲಿ ಗಾಳಿ ಸೋಕಿದೆ, ತಾಯಿತ ಕಟ್ಟಿಸೋಣ ಎನ್ನುತ್ತಾರೆ.

ನನ್ನ ಅಮ್ಮನೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ಸುಮ್ಮನೆ ಕೂತಿದ್ದೆ. ಮಗನಿಗೆ ಏನೋ ಆಗಿದೆ ಎಂದು ಮನೆಯಲ್ಲಿ ಮೊದಲು ಗಮನಿಸಿದವರು ಅವರೇ. ಅವರಿಗೆ ಗೊತ್ತಿದ್ದ ದಾರಿಯಲ್ಲಿ ಅವರು ನನ್ನ ಜೊತೆ ಕೂತರು. ಹಾಗಾಗಿ ಇದರ ಮೇಲೆ ಜಗಳ ಬೇಡ. ನಿವಾಳಿಸಲಿ, ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದೊಯ್ಯಲಿ, ಆಮೇಲೆ ಡಾಕ್ಟರ್ ಹತ್ತಿರವೂ ಬರಲಿ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾಡುವವರ ಹತ್ತಿರ ಮಾತ್ರ ಖಂಡಿತ ಹೋಗಬೇಡಿ.

ನಮ್ಮ ಮನೆಯವರಿಗೆ ಹೀಗಾಗಿದೆ. ನಾವು ಏನು ಮಾಡಬೇಕು?

ಪಕ್ಕದಲ್ಲಿರಿ. “ಯಾಕೆ ಹೀಗಿದ್ದೀಯಾ” ಎಂದು ದಿನಾ ಕೇಳಬೇಡಿ. ಅವರಿಗೇ ಉತ್ತರ ಗೊತ್ತಿರುವುದಿಲ್ಲ. ಅದರ ಬದಲು ಸಣ್ಣ ಕೆಲಸಕ್ಕೆ ಕರೆಯಿರಿ. ಬಾ, ಬಟ್ಟೆ ಒಣಗಿ ಹಾಕೋಣ. ಬಾ, ಹಾಲು ತರೋಣ. ಗಂಡ ಹೆಂಡತಿಯ ನಡುವೆ ಇದು ತುಂಬಾ ನೋಯಿಸುತ್ತದೆ. ಮುಟ್ಟಿದರೂ ಮುಟ್ಟಿದಂತಿಲ್ಲ, ನನ್ನ ಮೇಲೆ ಆಸೆಯೇ ಹೋಗಿದೆ ಎಂದು ಇನ್ನೊಬ್ಬರು ಒಳಗೊಳಗೇ ಕುಗ್ಗುತ್ತಾರೆ. ಇಬ್ಬರೂ ಒಂದು ಸಲ ಡಾಕ್ಟರ್ ಎದುರು ಕೂತು ಇದರ ಬಗ್ಗೆ ಕೇಳಿ ತಿಳಿದುಕೊಂಡರೆ ಎಷ್ಟೋ ತಪ್ಪು ತಿಳುವಳಿಕೆ ಅಲ್ಲೇ ಕಳೆಯುತ್ತದೆ.

ಮಗು ನೋಡಿಬಿಟ್ಟಿದೆ. ಆದರೆ ಆರಾಮಾಗಿ ಆಡಿಕೊಂಡಿದೆ.

ಆಡಲಿ. ಮಕ್ಕಳು ನೋವನ್ನು ಆಟದಲ್ಲೇ ಹೊರಗೆ ಹಾಕುತ್ತವೆ, ಅಪಘಾತದ ಆಟವನ್ನೇ ಮತ್ತೆ ಮತ್ತೆ ಆಡಬಹುದು. ಮತ್ತೆ ಹಾಸಿಗೆ ಒದ್ದೆ ಮಾಡುವುದು, ಅಂಟಿಕೊಂಡೇ ಇರುವುದು, ಹೊಟ್ಟೆನೋವು ಎಂದು ಶಾಲೆ ತಪ್ಪಿಸುವುದು ಕಂಡರೆ ಗಮನ ಕೊಡಿ. “ಮಾಮ ನಿದ್ದೆ ಮಾಡ್ತಿದ್ದಾರೆ” ಎನ್ನಬೇಡಿ, ಆಮೇಲೆ ಮಗು ಮಲಗಲಿಕ್ಕೇ ಹೆದರುತ್ತದೆ. ಸತ್ತುಹೋದರು ಎಂದು ಮೆಲ್ಲಗೆ ಹೇಳಿ. ನಿನ್ನಿಂದ ಏನೂ ತಪ್ಪಾಗಿಲ್ಲ ಎಂದೂ ಹೇಳಿ.

ಎಲ್ಲಿಗೆ ಹೋಗಬೇಕು? ಖರ್ಚು ಎಷ್ಟು? ಆಫೀಸಿಗೆ ಗೊತ್ತಾಗುತ್ತದಾ?

ಮೊದಲ ಹೆಜ್ಜೆಗೆ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಯ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ಆಸ್ಪತ್ರೆಗೇ ಹೋಗುವುದಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿವೆ. ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಬಹುದು, ಕಡಿಮೆ ಖರ್ಚಿನಲ್ಲಿ ಆಗುತ್ತದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಹೋಗುವ ಮುಂಚೆ ದಿನ ಕೇಳಿಕೊಳ್ಳಿ. ಮಾನಸಿಕ ಆರೋಗ್ಯವನ್ನು ಜಿಲ್ಲೆ, ಹಳ್ಳಿಗಳಿಗೆ ತಲುಪಿಸುವ ಪ್ರಯೋಗ 1980ರ ದಶಕದಲ್ಲಿ ನಡೆದದ್ದೇ ನಮ್ಮ ಬಳ್ಳಾರಿಯಲ್ಲಿ. ಅದನ್ನು ನೋಡಿಯೇ ದೇಶಕ್ಕೆಲ್ಲ ಆ ಕಾರ್ಯಕ್ರಮ ಬಂತು. ಹಾಗಿದ್ದೂ ನಾವು ಇವತ್ತಿಗೂ ಆ ಬಾಗಿಲಿಗೆ ಹೋಗಲು ಹಿಂಜರಿಯುತ್ತೇವೆ ಎಂಬುದು ನನಗೆ ಸಂಕಟದ ಮಾತು.

ಚಿಕಿತ್ಸೆ ಹೆಚ್ಚಾಗಿ ಮಾತಿನದು. ಆಘಾತದ ನೆನಪನ್ನು ಸ್ವಲ್ಪ ಸ್ವಲ್ಪವೇ ಮುಟ್ಟುವ ಕ್ರಮವಾದ ಮಾತುಕತೆ, ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಮಾಡುವ ಇಎಂಡಿಆರ್ ಎಂಬ ವಿಧಾನ, ಇವೆರಡಕ್ಕೂ ಒಳ್ಳೆಯ ಆಧಾರ ಇದೆ. ಬೇಕಿದ್ದರೆ ಸರ್ಟ್ರಾಲಿನ್‌ನಂಥ ಮಾತ್ರೆಯನ್ನೂ ಕೊಡುತ್ತಾರೆ. ಒಂದು ವಿಷಯ ನೆನಪಿಡಿ. ಈ ಜಾತಿಯ ಮಾತ್ರೆಗಳಿಂದಲೇ ಕೆಲವರಿಗೆ ಭಾವನೆ ಮಂಕಾಗುತ್ತದೆ. ಹಾಗನ್ನಿಸಿದರೆ ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು, ಆಫೀಸಿಗೆ ತಿಳಿಸುವಂತಿಲ್ಲ. ಬೇರೆ ಕಾಯಿಲೆಗೆ ಇರುವಂತೆಯೇ ಇದಕ್ಕೂ ವಿಮೆ ಕೊಡಬೇಕೆಂದೂ ಅದರಲ್ಲಿದೆ.

ಭಾವನೆ ವಾಪಸ್ ಬರುವಾಗ ಹೇಗಿರುತ್ತದೆ?

ಜೋಮು ಬಿಡುವಾಗ ಕಾಲು ಜುಮ್ಮೆಂದು ಚುಚ್ಚುತ್ತದಲ್ಲ, ಹಾಗೆ. ಮೊದಲು ಬರುವುದು ಒಳ್ಳೆಯ ಭಾವನೆಯೇ ಆಗಿರಬೇಕಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಹತ್ತು ರೂಪಾಯಿಗಾಗಿ ಒಬ್ಬ ಆಟೋದವರ ಮೇಲೆ ರಸ್ತೆಯಲ್ಲೇ ಕೂಗಾಡಿದೆ, ಕೈ ನಡುಗುತ್ತಿತ್ತು. ಮನೆಗೆ ಬಂದು ನಾಚಿಕೆಯಾಯಿತು. ನಾಚಿಕೆಯೂ ಎಷ್ಟೋ ತಿಂಗಳ ಮೇಲೆ ಆದದ್ದು.

ಅಳು ಬಂದದ್ದು ಆಮೇಲೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಯಾರೋ ಬೈಕ್ ನಿಲ್ಲಿಸಿ ಇಂಡಿಕೇಟರ್ ಆರಿಸುವುದನ್ನು ಮರೆತು ಹೋಗಿದ್ದರು. ಟಿಕ್ ಟಿಕ್. ಕಾರಿನಿಂದ ಇಳಿಯಲು ಆಗಲಿಲ್ಲ. ಮುಕ್ಕಾಲು ಗಂಟೆ ಕಾರಿನಲ್ಲೇ ಕೂತು ಅತ್ತೆ. ಆ ರಾತ್ರಿ ಕಾಯಿಲೆ ಜಾಸ್ತಿಯಾಯಿತು ಎಂದು ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು: “ಊಟ ಮಾಡಿ ಮಲಗಿ, ನಾಳೆ ಬನ್ನಿ, ಇದು ಹಿಂದಕ್ಕೆ ಹೋದದ್ದಲ್ಲ.” ಚಿಕಿತ್ಸೆಯಲ್ಲಿ ಇಂಥ ದಿನಗಳಲ್ಲೇ ಹಲವರು ಹೆದರಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಆಗ ಬಿಡಬೇಡಿ.

ನಗು ಬಂದರೆ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ.

ಅನ್ನಿಸುತ್ತದೆ. ನಕ್ಕರೆ ಸತ್ತವರನ್ನು ಮರೆತ ಹಾಗೆ ಎಂಬ ಭಯ ಅದು. ನಾನು ವರ್ಷಕ್ಕೊಮ್ಮೆ ಆ ದಿನ ಯಾರಿಗಾದರೂ ಊಟ ಹಾಕಿಸುತ್ತೇನೆ, ಒಂದು ದೀಪ ಹಚ್ಚುತ್ತೇನೆ. ನೆನಪಿಗೆ ಒಂದು ಜಾಗ ಅಂತ ಆದ ಮೇಲೆ ಉಳಿದ ದಿನ ನಗಲು ಅಷ್ಟು ಕಷ್ಟವಾಗಲಿಲ್ಲ.

ಸಾವಾದ ಜಾಗಕ್ಕೆ ಮತ್ತೆ ಹೋಗಬೇಕಾ?

ಹೋಗಲೇಬೇಕೆಂದಿಲ್ಲ. ಆದರೆ ಆ ರಸ್ತೆ ತಪ್ಪಿಸಲು ದಿನಾ ಸುತ್ತು ಹೊಡೆಯುತ್ತಿದ್ದರೆ, ಕೆಲಸವನ್ನೇ ಬಿಡುವಂತಾದರೆ, ಚಿಕಿತ್ಸೆ ಕೊಡುವವರ ಜೊತೆ ಮಾತಾಡಿ ಹಂತ ಹಂತವಾಗಿ ಹೋಗಬಹುದು. ಹಗಲು ಹೊತ್ತಿನಲ್ಲಿ ಹೋಗಿ, ಜೊತೆಗೊಬ್ಬರಿರಲಿ, ಗಾಡಿಯನ್ನು ಅವರು ಓಡಿಸಲಿ. ಅರ್ಧ ದಾರಿಯಲ್ಲಿ ಸಾಕು ಅನ್ನಿಸಿದರೆ ವಾಪಸ್ ಬನ್ನಿ. ಮೊದಲ ಸಲ ನಾನೂ ನನ್ನ ಹೆಂಡತಿಯೂ ದಾಬಸ್‌ಪೇಟೆಯಲ್ಲೇ ತಿರುಗಿಬಿಟ್ಟೆವು. ಎರಡನೇ ಸಲ ಕ್ಯಾತಸಂದ್ರದವರೆಗೆ ಹೋದೆವು. ಮೂರನೇ ಸಲ ಆ ಟೀ ಅಂಗಡಿ ಸಿಕ್ಕಿತು. ಅಂಗಡಿಯವರು ನನ್ನ ಗುರುತು ಹಿಡಿದರು. “ಬನ್ನಿ ಸಾರ್, ಕೂತ್ಕೊಳ್ಳಿ” ಎಂದು ಬೆಂಚು ಒರೆಸಿ ಕೊಟ್ಟರು. ಅವರಿಗೂ ಆವತ್ತಿಂದ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲವಂತೆ. ಒಂದು ಚೀಟಿಯಲ್ಲಿ 14416 ಬರೆದು ಕೊಟ್ಟು ಬಂದೆ.